ಜಾಗವೇ ದಿನಾಂಕ

ಆ ಫೈಲಿನಲ್ಲಿ ಎಲ್ಲಿಯೂ ದಿನಾಂಕವಿರಲಿಲ್ಲ. ಮೂವತ್ತೊಂದು ವರ್ಷಗಳ ಬೆಳಗುಗಳು, ಒಂದೊಂದೂ ಮೂವತ್ತೆರಡು ಬೈಟುಗಳ ಗೂಡಿನಲ್ಲಿ, ಒಂದರ ಬೆನ್ನಿಗೊಂದು ಅಂಟಿಕೊಂಡು ಕೂತಿದ್ದವು. ಸಾಲು ಮುಗಿದ ಗುರುತಿಲ್ಲ, ನಡುವೆ ಅಲ್ಪವಿರಾಮವಿಲ್ಲ. ಸಾಮಾನ್ಯ ಎಡಿಟರಿನಲ್ಲಿ ತೆರೆದರೆ ಕಾಣುವುದು ಬರೀ ಚೌಕಗಳ, ಪ್ರಶ್ನಾರ್ಥಕ ಚಿಹ್ನೆಗಳ ಕಸ. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಯಾರೋ ಬುದ್ಧಿವಂತರು ಜಾಗ ಉಳಿಸಲೆಂದು ದಿನಾಂಕವನ್ನೇ ಕೈಬಿಟ್ಟಿದ್ದರು. ಮೊದಲ ಗೂಡು ಕೇಂದ್ರ ಶುರುವಾದ ವರ್ಷದ ಜನವರಿ ಒಂದು, ಎರಡನೆಯದು ಜನವರಿ ಎರಡು, ಹೀಗೇ ಎಣಿಸಿಕೊಂಡು ಹೋಗಬೇಕು. ಎಣಿಕೆ ತಪ್ಪಿದರೆ ಹೇಳುವವರಿಲ್ಲ. ಯಾವ ದಿನವೂ ತಾನು ಇಂಥ ದಿನ ಎಂದು ಬಾಯಿಬಿಡುವುದಿಲ್ಲ.

"ಜಾಗವೇ ದಿನಾಂಕ" ಎಂದು ಹವಾಮಾನ ದಾಖಲೆಗಳ ಕಚೇರಿಯ ಹಳೆಯ ಕೈಪಿಡಿಯಲ್ಲಿ ಟೈಪು ಮಾಡಿತ್ತು. ಅವಳು ಅದರ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿದ್ದಳು.

ಅವಳು ಆ ಕಚೇರಿಯ ಪ್ರೋಗ್ರಾಮರ್. ವಯಸ್ಸು ನಲವತ್ತೇಳು. ಮೂರನೇ ಮಹಡಿಯಲ್ಲಿ, ಎರಡು ಮೇಜು ಹಿಡಿಸುವ ಕೋಣೆಯಲ್ಲಿ ಕೂತು, ಹಳೆಯ ಕೇಂದ್ರಗಳ ಟೇಪುಗಳಿಂದ ಇಳಿಸಿದ ಫೈಲುಗಳನ್ನು ಓದಿ, ಪ್ರತಿ ದಿನದ ಗೂಡಿನ ಕೊನೆಯ ಬೈಟಿನಲ್ಲಿ ಒಂದು ಅಂಕಿ ಹಾಕುವುದು ಅವಳ ಕೆಲಸ. ಸೊನ್ನೆ ಎಂದರೆ ಇನ್ನೂ ನೋಡಿಲ್ಲ. ಒಂದು ಎಂದರೆ ಸರಿ ಇದೆ. ಎರಡು ಎಂದರೆ ಹಿಂದಿನ ದಿನದ್ದೂ ಸೇರಿಕೊಂಡ ಮಳೆ. ಒಂಬತ್ತು ಎಂದರೆ ಓದಿದ್ದಲ್ಲ, ಆಮೇಲೆ ಕೂತು ತುಂಬಿದ್ದು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ದಿನವೂ ತಪ್ಪದೆ, ಒಂದೂ ಒಂಬತ್ತಿಲ್ಲದೆ ನಡೆದ ಕೇಂದ್ರಗಳ ಹೆಸರು ಆ ವರ್ಷ ಒಂದು ಪಟ್ಟಿಗೆ ಸೇರುವುದಿತ್ತು. ಅಖಂಡ ದಾಖಲೆಗಳ ಪಟ್ಟಿ. ಕೇಂದ್ರದ ಹೆಸರಿನ ಜೊತೆಗೆ ವೀಕ್ಷಕರ ಹೆಸರೂ ಅಚ್ಚಾಗುತ್ತಿತ್ತು. ವೀಕ್ಷಕರು ಬದುಕಿದ್ದರೆ ಅವರಿಗೊಂದು ಚೌಕಟ್ಟು ಹಾಕಿದ ಪ್ರಶಸ್ತಿಪತ್ರ.

ಈ ಫೈಲು ಅವಳ ಅಪ್ಪನದು. ಮೂವತ್ತೊಂದು ವರ್ಷವೂ ಆ ಕೇಂದ್ರದಲ್ಲಿ ವೀಕ್ಷಕರೆಂದು ಇದ್ದವರು ಅವರೊಬ್ಬರೇ. ಈಗ ಎಂಬತ್ತೆರಡು. ಅವಳ ಜೊತೆಗೇ ಇರುತ್ತಾರೆ. ಪಟ್ಟಿಯ ಸುದ್ದಿ ಕಿವಿಗೆ ಬಿದ್ದ ವಾರವೇ ಎಲೆಕ್ಟ್ರಿಷಿಯನ್ನನ ಕೈಲಿ ಮುಂದಿನ ಕೋಣೆಯ ಗೋಡೆಗೆ ಮೊಳೆ ಹೊಡೆಸಿಟ್ಟಿದ್ದರು.

"ಇನ್ನೂ ಕೊಟ್ಟೇ ಇಲ್ಲ, ಆಗ್ಲೇ ಮೊಳೇನಾ?" ಎಂದು ಅವಳು ಕೇಳಿದ್ದಕ್ಕೆ, "ಅವನು ಫ್ಯಾನ್ ರಿಪೇರಿಗೆ ಬಂದಿದ್ದ. ಕೈಲಿ ಸುತ್ತಿಗೆ ಇತ್ತು" ಎಂದಿದ್ದರು.

ಅವಳ ಎದುರಿನ ಮೇಜಿನವನನ್ನು ಕಚೇರಿಯಲ್ಲೆಲ್ಲ ಸೊನ್ನೆ ಎಂದೇ ಕರೆಯುತ್ತಿದ್ದರು. ಏನನ್ನೇ ಎಣಿಸಿದರೂ ಸೊನ್ನೆಯಿಂದ ಶುರು ಮಾಡುವ ಮನುಷ್ಯ. ಮೂರನೇ ಮಹಡಿಯನ್ನು ಎರಡನೆಯದು ಎನ್ನುವನು, ಮೊದಲ ಟೀಯನ್ನು ಲೆಕ್ಕಕ್ಕೇ ಹಿಡಿಯನು. ಅವಳ ಅಪ್ಪನ ಫೈಲು ಎಂದು ಗೊತ್ತಾದಾಗ ಅವನು, "ಕೊಡಿ ಇಲ್ಲಿ, ನಾನು ಮಾಡ್ತೀನಿ. ಅಪ್ಪನ ಉತ್ತರಪತ್ರಿಕೆ ಮಗಳು ತಿದ್ದೋದು ಚೆನ್ನಾಗಿರಲ್ಲ" ಎಂದಿದ್ದ. ಅವಳು ಕೊಟ್ಟಿರಲಿಲ್ಲ.

ಫೈಲನ್ನು ಮೊದಲ ಸಲ ಓದಿಸಿದಾಗ ಬಂದದ್ದು ಐದು ಸಾವಿರದ ಒಂಬೈನೂರ ತೊಂಬತ್ತು ಡಿಗ್ರಿ, ಮೇಲೆ ನಾಲ್ಕು ದಶಾಂಶ.

ಸೊನ್ನೆ ಕುರ್ಚಿಯನ್ನೇ ತಿರುಗಿಸಿಕೊಂಡು ಬಂದು ನೋಡಿದ. "ನಿಮ್ಮಪ್ಪ ಎಲ್ಲಿ ನಿಂತು ಓದಿದ್ರು, ಸೂರ್ಯನ ಮೇಲಾ?"

"ಬೈಟ್ ಅದಲುಬದಲಾಗಿದೆ. ದೊಡ್ಡದು ಮೊದಲು ಇರಬೇಕಿತ್ತು."

"ಅದೇ ತಾನೆ. ಇಲ್ಲಾಂದ್ರೆ ಕಾಲಿಗೆ ಚಪ್ಪಲಿ ಆದ್ರೂ ಬೇಕಾಗಿತ್ತು ಪಾಪ."

ಎರಡು ಬೈಟುಗಳ ಕ್ರಮ ತಿರುಗಿಸಿದ ಮೇಲೆ ಇಪ್ಪತ್ತಮೂರು ಪಾಯಿಂಟ್ ನಾಲ್ಕು ಎಂದು ಬಂತು. ಮನುಷ್ಯರು ಉಸಿರಾಡುವ ಗಾಳಿ. ಅವಳು ನಗಲಿಲ್ಲ. ಯಾಕೆಂದರೆ ಅವಳು ಜಿಗಿದಿದ್ದು ಮೊದಲ ಗೂಡಿಗಲ್ಲ. ಹೊಸ ಫೈಲು ಕೈಗೆ ಬಂದರೆ ಮೊದಲ ದಿನ, ಕೊನೆಯ ದಿನ, ನಡುವಿನ ಒಂದು ಗೊತ್ತಿರುವ ದಿನ, ಈ ಮೂರನ್ನು ಪರೀಕ್ಷಿಸಿಯೇ ಮುಂದೆ ಹೋಗಬೇಕೆಂಬ ನಿಯಮವನ್ನು ಬರೆದವಳು ಅವಳೇ. ಆ ದಿನ ಆ ನಿಯಮ ಅವಳಿಗೆ ನೆನಪಾಗಲಿಲ್ಲ. ಪ್ರೋಗ್ರಾಮಿಗೆ ಅವಳು ಕೊಟ್ಟ ಮೊದಲ ದಿನಾಂಕವೇ ಕೇಂದ್ರದ ಹದಿನಾಲ್ಕನೇ ವರ್ಷದ ಜುಲೈ ಹದಿನೇಳು.

ಅಮ್ಮ ಹೋದ ದಿನ.

ಆಗ ಅವಳಿಗೆ ಒಂಬತ್ತು ವರ್ಷ. ಅಮ್ಮ ಐದು ತಿಂಗಳಿಂದ ಹಾಸಿಗೆ ಹಿಡಿದಿದ್ದಳು. ಆ ಬೆಳಿಗ್ಗೆ ಉಸಿರಿನ ಸದ್ದು ಬೇರೆಯಾಗಿತ್ತು. ಚಿಕ್ಕಮ್ಮ ಡಾಕ್ಟರನ್ನು ಕರೆತರಲು ಓಡಿದ್ದಳು. ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. "ಇವತ್ತೊಂದಿನ ಹೋಗಬೇಡಿ" ಎಂದು ಅಮ್ಮ ಹೇಳಿದ್ದು ಅವಳಿಗೆ ಸ್ಪಷ್ಟವಾಗಿ ನೆನಪಿದೆ, ಗಂಟಲಿನಿಂದಲ್ಲ, ಬರೀ ತುಟಿಯಿಂದ. ಅಪ್ಪ ಗಡಿಯಾರ ನೋಡಿದರು. ಅಮ್ಮನ ಕೈಯನ್ನೊಮ್ಮೆ ಮುಟ್ಟಿದರು. ಎಂಟೂ ಹತ್ತಕ್ಕೆ ಹೊರಟರು. ಕೇಂದ್ರ ಹನ್ನೆರಡು ನಿಮಿಷದ ದಾರಿ, ನೀರಿನ ಟ್ಯಾಂಕಿನ ಹಿಂದೆ: ಬೇಲಿ, ಗೇಟು, ನಾಲ್ಕು ಕಾಲಿನ ಮೇಲೆ ಕಿಂಡಿಗಳ ಬಿಳಿ ಪೆಟ್ಟಿಗೆ, ಮಳೆಮಾಪಕ. ಓದುವುದು ದಿನಕ್ಕೊಂದೇ ಸಲ, ಬೆಳಿಗ್ಗೆ ಎಂಟೂವರೆಗೆ. ಎಂಟೂ ಐವತ್ತಕ್ಕೆ ಅಮ್ಮನ ಉಸಿರು ನಿಂತಿತು. ಅವಳು ಅಮ್ಮನಿಗೆ ನೀರು ಹಾಕುತ್ತಿದ್ದ ಚಮಚ ಹಿಡಿದುಕೊಂಡೇ ಕೂತಿದ್ದಳು. ಅಪ್ಪ ಬಂದದ್ದು ಒಂಬತ್ತೂವರೆಗೆ. ಅಂಗಿ ಒದ್ದೆಯಾಗಿತ್ತು, ಚಪ್ಪಲಿ ಪಚಪಚ ಎನ್ನುತ್ತಿತ್ತು.

"ಎಲ್ಲಿ ಹೋಗಿದ್ದೆ?" ಎಂದು ಅವಳು ಕೇಳಿದ್ದಳು.

"ಕೆಲಸಕ್ಕೆ ಹೋಗಿದ್ದೆ" ಎಂದಿದ್ದರು.

ಅಂದಿನಿಂದ ಅವಳು ಅಪ್ಪನನ್ನು ನೀನು ಎನ್ನುವುದನ್ನು ಬಿಟ್ಟಳು. ಮನೆಗೆ ಬಂದ ನೆಂಟರು, "ತಾಯಿ ಇಲ್ಲದಿದ್ರೂ ಹುಡುಗಿಗೆ ಎಂಥ ಮರ್ಯಾದೆ ನೋಡಿ, ಅಪ್ಪನಿಗೆ ನೀವು, ಬನ್ನಿ, ಹೋಗಿ" ಎಂದು ಮೆಚ್ಚಿಕೊಂಡರು. ಅಪ್ಪನೂ ಮರ್ಯಾದೆಯೆಂದೇ ತಿಳಿದರೋ, ತಿಳಿದಂತೆ ನಟಿಸಿದರೋ. ಸಿಟ್ಟು ವರ್ಷ ಕಳೆದಂತೆ ಗಟ್ಟಿಯಾಗಿ, ಆಮೇಲೆ ಒಂದು ಥರದ ಗೌರವವಾಗಿ ಮಾರ್ಪಟ್ಟಿತು. ಸಾಯುವ ಹೆಂಡತಿಯನ್ನು ಬಿಟ್ಟು ಥರ್ಮಾಮೀಟರ್ ಓದಲು ಹೋದ ಮನುಷ್ಯ ಕಲ್ಲೇ ಇರಬಹುದು, ಆದರೆ ಕಲ್ಲಿಗೂ ಒಂದು ತೂಕವಿದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು. ಅವಳೂ ಕೆಲಸ ತಪ್ಪಿಸುವವಳಲ್ಲ. ಗಂಡನನ್ನು ಆಪರೇಷನ್ ಥಿಯೇಟರಿನ ಒಳಗೆ ಕಳಿಸಿ, ಬಾಗಿಲು ಮುಚ್ಚಿದ ಮೇಲೆ ಕಚೇರಿಗೆ ಬಂದು ಸಂಜೆಯವರೆಗೆ ಕೂತಿದ್ದಳು. ಎಚ್ಚರವಾದಾಗ ಪಕ್ಕದಲ್ಲಿ ನರ್ಸು ಮಾತ್ರ ಇದ್ದಳು ಎಂಬುದನ್ನು ಅವನು ಒಂದು ಸಲವೂ ಎತ್ತಿ ಆಡಲಿಲ್ಲ. "ನೀನು ಅಪ್ಪನ ಮಗಳು" ಎಂದಷ್ಟೇ ಹೇಳಿದ. ಈಗ ಅವನು ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾನೆ. ಜಗಳವಿಲ್ಲ. ಫೋನೂ ಅಷ್ಟಕ್ಕಷ್ಟೇ.

ಪರದೆಯ ಮೇಲೆ ಆ ದಿನದ ಅಂಕಿಗಳು ನೆಟ್ಟಗೆ ನಿಂತಿದ್ದವು. ಥರ್ಮಾಮೀಟರಿನ ಒಣ ಬಲ್ಬು ಇಪ್ಪತ್ತಮೂರು ಪಾಯಿಂಟ್ ನಾಲ್ಕು. ಒದ್ದೆ ಬಟ್ಟೆ ಸುತ್ತಿದ ಬಲ್ಬು ಇಪ್ಪತ್ತು ಪಾಯಿಂಟ್ ಆರು. ಗಾಳಿಯ ಒತ್ತಡ, ಗರಿಷ್ಠ, ಕನಿಷ್ಠ, ಎಲ್ಲವೂ ಇದ್ದವು. ಹೋಗಿದ್ದರು, ಓದಿದ್ದರು. ಹಳೆಯ ಗಾಯವನ್ನು ಬೆರಳಿನಿಂದ ಒತ್ತಿ ನೋಡಿದಂತಾಯಿತು: ನೋವು ಅಲ್ಲೇ ಇದೆ, ಜಾಗ ಬದಲಿಸಿಲ್ಲ. ಒಂದು ಸಮಾಧಾನವೂ ಇತ್ತು.

ಮಳೆ: ಸೊನ್ನೆ ಪಾಯಿಂಟ್ ಸೊನ್ನೆ.

ಅವಳ ಕಣ್ಣು ಅಲ್ಲೇ ನಿಂತಿತು. ಅಂದು ಬೆಳಗಿನ ಜಾವದಿಂದಲೇ ಮಳೆ ಹನಿಯುತ್ತಿತ್ತಲ್ಲ? ಒದ್ದೆ ಅಂಗಿ? ಚಪ್ಪಲಿಯ ಸದ್ದು?

ಸಂಜೆ ತಟ್ಟೆಯ ಮುಂದೆ ಕೂತಾಗ ಅಪ್ಪ ಎಂದಿನಂತೆ ಕೇಳಿದರು. "ಮುಗೀತಾ?"

"ಎಲ್ಲಿ ಮುಗಿಯುತ್ತೆ. ಇವತ್ತು ತಾನೆ ತೆಗೆದೆ."

"ಆಂ?" ಅಪ್ಪನಿಗೆ ಎಡಗಿವಿ ಮಂದ.

"ಇವತ್ತು ತೆಗೆದೆ ಅಂದೆ!" ಅವಳು ದನಿ ಏರಿಸಿ, ಆ ಏರಿದ ದನಿಯಲ್ಲೇ ಕೇಳಿಬಿಟ್ಟಳು. "ಅಮ್ಮ ಹೋದ ದಿನ ಮಳೆ ಬಂದಿತ್ತಾ?"

ಅಪ್ಪ ಲೋಟ ಎತ್ತಿ ನೀರು ಕುಡಿದರು. ಕೆಳಗಿಟ್ಟರು. "ಮಳೆ ಸರಿ ಇದೆಯಾ ಅಂತ ನೋಡೋದಾದ್ರೆ ನೀನು ಹುಟ್ಟಿದ ದಿನ ನೋಡು. ತೊಂಬತ್ತಾರು ಪಾಯಿಂಟ್ ನಾಲ್ಕು. ಅಳೆಯೋ ಗಾಜಿನಲ್ಲಿ ನಾಲ್ಕು ಸಲ ಸುರಿದು ಅಳೆದೆ. ಆಮೇಲೆ ಆಸ್ಪತ್ರೆಗೆ ಬಂದು ನಿನ್ನ ನೋಡಿದ್ದು."

"ಆಮೇಲೆ."

"ಹ್ಞೂಂ, ಆಮೇಲೆ. ನೀನೇನು ಓಡಿಹೋಗ್ತಿದ್ಯಾ? ಮಳೆ ಆದ್ರೆ ಆವಿಯಾಗುತ್ತೆ."

ಬೇರೆ ಯಾರಾದರೂ ಹೇಳಿದ್ದರೆ ಅವಳು ನಕ್ಕುಬಿಡುತ್ತಿದ್ದಳು. ತಟ್ಟೆ ಎತ್ತಿಕೊಂಡು ಎದ್ದಳು. ಕೇಳಿದ ಪ್ರಶ್ನೆಗೆ ಉತ್ತರ ಬರಲಿಲ್ಲ ಎಂಬುದು ಪಾತ್ರೆ ತೊಳೆಯುವಾಗ ಹೊಳೆಯಿತು.

ಮರುದಿನ ಕಚೇರಿಯಲ್ಲಿ ಅವಳು ತಾನು ಹುಟ್ಟಿದ ತಾರೀಖನ್ನು ಕೊಟ್ಟಳು. ಮಳೆ: ಸೊನ್ನೆ ಪಾಯಿಂಟ್ ಸೊನ್ನೆ. ಅದರ ಮಾರನೆಯ ದಿನವನ್ನು ಕೊಟ್ಟಳು. ತೊಂಬತ್ತಾರು ಪಾಯಿಂಟ್ ನಾಲ್ಕು.

ಅಪ್ಪನ ನೆನಪು ತಪ್ಪಿರಬಹುದು. ಎಂಬತ್ತೆರಡು ವರ್ಷ. ಆದರೆ ಅವಳು ಹುಟ್ಟಿದ ತಾರೀಖು ತಪ್ಪಲಾರದು. ಅವಳು ಕೈಪಿಡಿಯನ್ನು ತೆರೆದು ಬೆರಳಿಟ್ಟು ಓದಿದಳು. ಮೊದಲ ಅರವತ್ತನಾಲ್ಕು ಬೈಟು ಕೇಂದ್ರದ ವಿವರ. ಆಮೇಲೆ ಗೂಡುಗಳು, ಒಂದರಿಂದ ಎಣಿಕೆ. ಯಂತ್ರ ಎಣಿಸುವುದು ಸೊನ್ನೆಯಿಂದ. ಆದ್ದರಿಂದ ದಿನದ ಸಂಖ್ಯೆಯಿಂದ ಒಂದು ಕಳೆದು, ಮೂವತ್ತೆರಡರಿಂದ ಗುಣಿಸಿ, ಅರವತ್ತನಾಲ್ಕು ಕೂಡಿಸಿ, ಅಷ್ಟನೇ ಬೈಟಿಗೆ ಜಿಗಿಯಬೇಕು. ಅವಳು ಕಳೆದಿದ್ದಳು. ಪ್ರೋಗ್ರಾಮಿನಲ್ಲಿ ಆ ಸಾಲು ಅಲ್ಲೇ ಇತ್ತು, ಒಂದು ಕಳೆದದ್ದು ಢಾಳಾಗಿ ಕಾಣುತ್ತಿತ್ತು.

"ತಾರೀಖಿನಿಂದ ದಿನದ ಸಂಖ್ಯೆ ಕೊಡೋದು ನಿಮ್ಮ ಫಂಕ್ಷನ್ ಅಲ್ವಾ?" ಎಂದು ಎದುರು ಮೇಜಿಗೆ ಕೇಳಿದಳು.

"ಹೌದು ತಾಯಿ. ಹೋದ ವರ್ಷ ಬರೆದುಕೊಟ್ಟಿದ್ದು. ಏನಾಯ್ತು?"

"ಜನವರಿ ಒಂದು ಕೊಟ್ರೆ ಏನು ಕೊಡುತ್ತೆ ಅದು?"

"ಸೊನ್ನೆ" ಎಂದ ಸೊನ್ನೆ, ಬೇರೇನು ಕೊಡಬಹುದು ಎನ್ನುವಂತೆ.

ಅವಳು ಒಂದು ಕಳೆದಿದ್ದಳು. ಅವನು ಅದಕ್ಕೆ ಮೊದಲೇ ಕಳೆದಿಟ್ಟಿದ್ದ. ಇಬ್ಬರು ಎಚ್ಚರದ ಮನುಷ್ಯರು ಒಂದೇ ಎಚ್ಚರವನ್ನು ಎರಡು ಸಲ ವಹಿಸಿದ್ದರಿಂದ ಪ್ರತಿ ಜಿಗಿತವೂ ಒಂದು ದಿನ ಹಿಂದೆ ಬೀಳುತ್ತಿತ್ತು. ನಿಯಮದ ಪ್ರಕಾರ ಮೊದಲ ದಿನವನ್ನೇ ಕೇಳಿದ್ದರೆ ಪ್ರೋಗ್ರಾಂ ಕೇಂದ್ರದ ವಿವರದ ನಡುವೆ ಹೋಗಿ ಬಿದ್ದು, ಕಸವನ್ನು ತೋರಿಸಿ, ಅಲ್ಲಿಗೇ ಗುಟ್ಟು ರಟ್ಟಾಗುತ್ತಿತ್ತು.

"ನಾನು ನಿನ್ನೆ ನೋಡಿದ್ದು ಹದಿನಾರನೇ ತಾರೀಖು" ಎಂದಳು, ಯಾರಿಗೂ ಅಲ್ಲದಂತೆ.

ಅವಳು ತನ್ನ ಸಾಲಿನಿಂದ ಒಂದನ್ನು ಅಳಿಸಿದಳು. ಮತ್ತೆ ಜುಲೈ ಹದಿನೇಳು. ನಾಲ್ಕು ಸಾವಿರದ ಒಂಬೈನೂರ ನಲವತ್ತೈದನೆಯ ಗೂಡು, ಸೊನ್ನೆಯಿಂದ ಎಣಿಸಿ. ಒಂದು ಲಕ್ಷ ಐವತ್ತೆಂಟು ಸಾವಿರದ ಮುನ್ನೂರ ನಾಲ್ಕನೆಯ ಬೈಟು. ಜಿಗಿ. ಮೂವತ್ತೆರಡು ಓದು.

ಒಣ ಬಲ್ಬು ಇಪ್ಪತ್ತಮೂರು ಪಾಯಿಂಟ್ ಎಂಟು. ಒದ್ದೆ ಬಲ್ಬು ಇಪ್ಪತ್ತೊಂದು. ಗರಿಷ್ಠ ಇಪ್ಪತ್ತೆಂಟು. ಕನಿಷ್ಠ ಇಪ್ಪತ್ತೊಂದು. ಒತ್ತಡ ಒಂಬೈನೂರ ಹತ್ತು ಪಾಯಿಂಟ್ ಒಂಬತ್ತು. ಮಳೆ ಸೊನ್ನೆ.

ನೋಡಲು ಏನೂ ತಪ್ಪಿಲ್ಲ. ಆದರೆ ಇಷ್ಟು ವರ್ಷ ಅಂಕಿಗಳ ನಡುವೆ ಬದುಕಿದವಳ ಕಣ್ಣಿಗೆ ಒಟ್ಟೊಟ್ಟಿಗೆ ಮೂರು ಪೂರ್ಣಾಂಕ ಬಂದದ್ದು ಚುಚ್ಚಿತು. ಹದಿನಾರು, ಹದಿನೇಳು, ಹದಿನೆಂಟು, ಮೂರು ದಿನಗಳನ್ನು ಪಕ್ಕಪಕ್ಕ ಇಟ್ಟಳು. ಒಣ ಬಲ್ಬು ಹದಿನಾರಕ್ಕೆ ಇಪ್ಪತ್ತಮೂರು ಪಾಯಿಂಟ್ ನಾಲ್ಕು, ಹದಿನೆಂಟಕ್ಕೆ ಇಪ್ಪತ್ತನಾಲ್ಕು ಪಾಯಿಂಟ್ ಎರಡು. ನಟ್ಟನಡುವೆ ಇಪ್ಪತ್ತಮೂರು ಪಾಯಿಂಟ್ ಎಂಟು. ಒದ್ದೆ ಬಲ್ಬು, ಅದೇ ಕಥೆ. ಗರಿಷ್ಠ, ಅದೇ. ಕನಿಷ್ಠ, ಅದೇ. ಒತ್ತಡ, ಅದೇ. ಒಂದು ಅಂಕಿ ನಡುವೆ ಬಿದ್ದರೆ ಆಕಸ್ಮಿಕ. ಐದಕ್ಕೆ ಐದೂ ಬಿದ್ದರೆ ಅದು ಹವಾಮಾನವಲ್ಲ, ಪೆನ್ನು.

ಮಳೆ ಮಾತ್ರ ಬೇರೆ. ಹದಿನಾರು ಸೊನ್ನೆ, ಹದಿನೇಳು ಸೊನ್ನೆ, ಹದಿನೆಂಟು ಹನ್ನೊಂದು ಪಾಯಿಂಟ್ ಆರು.

ಹಾಗಾದರೆ ಮಳೆ ಬಂದಿತ್ತು. ಅವಳ ನೆನಪು ಸರಿಯಾಗಿಯೇ ಇತ್ತು. ಆ ಬೆಳಗಿನ ಮಳೆ ಮಾಪಕದೊಳಗಿನ ಬಾಟಲಿಗೆ ಇಳಿದು, ಎಂಟೂವರೆಗೆ ಯಾರೂ ಬರದಿದ್ದಕ್ಕೆ ಅಲ್ಲೇ ಇದ್ದು, ಮಾರನೆಯ ದಿನ ಅಳತೆಗೆ ಸಿಕ್ಕಿತ್ತು.

ಅಪ್ಪ ಅಂದು ಕೇಂದ್ರಕ್ಕೆ ಹೋಗಿರಲಿಲ್ಲ. ಮನೆಯಲ್ಲೂ ಇರಲಿಲ್ಲ. ಮನೆಯಲ್ಲಿ ಇದ್ದವಳು ಅವಳು.

ಉಳಿದ ದಿನವಿಡೀ ಅವಳು ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಇಡೀ ಫೈಲನ್ನು ಅದೇ ಪರೀಕ್ಷೆಗೆ ಒಡ್ಡಿದಳು. ಐದಕ್ಕೆ ಐದೂ ನಡುವೆ ಬಿದ್ದ ದಿನ ಇನ್ನೊಂದಿದೆಯೇ? ಇದ್ದರೆ ಒಳ್ಳೆಯದು ಎಂದು ಅವಳಿಗೆ ಅನ್ನಿಸಿತ್ತು. ಅಪ್ಪ ಸೋಮಾರಿ, ಆಗಾಗ ತಪ್ಪಿಸುತ್ತಿದ್ದರು, ಅಂದೂ ತಪ್ಪಿಸಿದರು ಎಂದುಕೊಳ್ಳಬಹುದಿತ್ತು. ಹನ್ನೊಂದು ಸಾವಿರದ ಮುನ್ನೂರ ಇಪ್ಪತ್ತೆರಡು ದಿನಗಳಲ್ಲಿ ಪರದೆಯ ಮೇಲೆ ಬಂದದ್ದು ಒಂದೇ ಸಾಲು.

ಸೊನ್ನೆ ಎಲ್ಲವನ್ನೂ ನೋಡಿದ್ದ. ಟೀ ಲೋಟ ತಂದು ಅವಳ ಮೇಜಿನ ಮೇಲಿಟ್ಟ. ಅಂದು ಮೊದಲ ಬಾರಿಗೆ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಒಂದು ಬೈಟು. ಯಾರು ನೋಡ್ತಾರೆ?"

"ನೀವು ನೋಡಿದ್ರಲ್ಲ."

"ನಾನು ನೋಡಿದ್ದೇ ಆಗಿಲ್ಲ ಅಂತ ಇಟ್ಕೊಳ್ಳಿ. ನೀವು ಕೆಳಗೆ ಹೋಗಿ ಗಾಳಿ ಕುಡಿದು ಬನ್ನಿ. ಬರೋದ್ರೊಳಗೆ ನಾನು ಒಂದು ಹಾಕಿರ್ತೀನಿ. ಎಂಬತ್ತೆರಡು ವರ್ಷದವರು, ಗೋಡೆಗೆ ಮೊಳೆ ಹೊಡೆಸಿದಾರೆ ಅಂತ ನೀವೇ ಹೇಳಿದ್ರಿ."

ಅವಳು ಟೀ ಕುಡಿದಳು. ಕೆಳಗೆ ಹೋಗಲಿಲ್ಲ. ಫೈಲನ್ನು ಮುಚ್ಚಿ, "ಸೋಮವಾರ" ಎಂದಳು.

ಭಾನುವಾರ ಬೆಳಿಗ್ಗೆ ಅಪ್ಪ ಎಂದಿನಂತೆ ಎಂಟೂ ಇಪ್ಪತ್ತೈದಕ್ಕೆ ಬಾಲ್ಕನಿಗೆ ಹೋದರು. ನಿವೃತ್ತಿಯಾಗಿ ಇಪ್ಪತ್ತೊಂದು ವರ್ಷ ಕಳೆದರೂ ಈ ಅಭ್ಯಾಸ ಬಿಟ್ಟಿರಲಿಲ್ಲ. ಎಂಟೂವರೆಗೆ ಆಕಾಶ ನೋಡಿ, ಮೋಡ ಎಷ್ಟು ಪಾಲು ಎಂದು ಗೊಣಗಿಕೊಂಡು, ಆಮೇಲೆಯೇ ತಿಂಡಿ. ಎದುರು ಕಟ್ಟಡದ ನೀರಿನ ತೊಟ್ಟಿ ಉಕ್ಕಿ ಗೋಡೆಯ ಮೇಲೆ ಕಪ್ಪಗೆ ಇಳಿದಿತ್ತು. ಅವಳು ಹೋಗಿ ಅವರ ಬಲಗಿವಿಯ ಕಡೆ ನಿಂತಳು.

"ಅಪ್ಪ, ಆ ದಿನ ನೀನು ಎಲ್ಲಿದ್ದೆ?"

ಮಾತು ಹೊರಬಿದ್ದ ಮೇಲೆ ಅವಳಿಗೇ ಕೇಳಿಸಿತು. ಮೂವತ್ತೆಂಟು ವರ್ಷಗಳಿಂದ ಬಾಯಿಗೆ ಬಾರದ ನೀನು, ಮೊನ್ನೆ ಮೊನ್ನೆ ಇಟ್ಟದ್ದನ್ನು ಎತ್ತಿಕೊಂಡಂತೆ ಬಂದಿತ್ತು. ಅಪ್ಪ "ಆಂ?" ಎನ್ನಲಿಲ್ಲ. ಯಾವ ದಿನ ಎಂದೂ ಕೇಳಲಿಲ್ಲ.

"ಸಿಕ್ತಾ?" ಎಂದರು.

"ಸಿಕ್ತು."

"ಯಾವುದರಲ್ಲಿ ಸಿಕ್ತು? ಒಣ ಬಲ್ಬಾ?"

"ಐದೂ. ಹಿಂದಿನದು ಮುಂದಿನದು ಕೂಡಿಸಿ ಎರಡರಿಂದ ಭಾಗಿಸಿದ್ದೀಯ."

"ತಿಂಗಳ ಕೊನೆಗೆ ಹಾಳೆ ಕಳಿಸಬೇಕಿತ್ತು. ಖಾಲಿ ಬಿಟ್ರೆ ಕಾರಣ ಬರೀಬೇಕು" ಎಂದರು ಅಪ್ಪ. "ಮಳೆಗೆ ಸುಳ್ಳು ಹಾಕೋಕೆ ಕೈ ಬರಲಿಲ್ಲ. ಮಾರನೇ ದಿನ ಬಾಟ್ಲಿ ತೆಗೆದ್ರೆ ನೀರಿತ್ತು. ಇದ್ದಷ್ಟು ಅಳೆದು ಬರೆದೆ."

"ಎಲ್ಲಿದ್ದೆ?"

"ಗೇಟಿನ ತನಕ ಹೋಗಿದ್ದೆ. ಬೀಗದಕೈ ಜೇಬಲ್ಲೇ ಇತ್ತು. ಎದುರಿಗೆ ಬಸ್ ಸ್ಟಾಪ್ ಇತ್ತಲ್ಲ, ತಗಡಿಂದು, ಒಂದು ಕಡೆ ಸೋರೋದು. ಅಲ್ಲಿ ಕೂತೆ."

"ಯಾಕೆ?"

ಅಪ್ಪ ಕಟಕಟೆಯ ಕಬ್ಬಿಣವನ್ನು ಹಿಡಿದುಕೊಂಡರು. ಬಣ್ಣದ ಹಕ್ಕಳೆ ಎದ್ದಿದ್ದ ಕಡೆ ಉಗುರಿನಿಂದ ಕೆರೆಯುತ್ತ ಹೇಳಿದರು. "ಹೊರಡುವಾಗ ಅವಳ ಕೈ ಮುಟ್ಟಿದೆ. ಥರ್ಮಾಮೀಟರ್ ಓದಿ ಓದಿ ಬೆರಳಿಗೆ ಗೊತ್ತಾಗೋದು. ಇವತ್ತೇ ಅಂತ ಗೊತ್ತಾಯ್ತು. ಒಳಗೆ ಹೋಗಿ ಎಂಟೂವರೆಗೆ ಓದಿ ಮುಗಿಸಿದ್ರೆ ಆಮೇಲೆ ಮನೆಗೆ ಬರಲೇಬೇಕು. ಓದದೆ ಇದ್ರೆ ಎಂಟೂವರೆ ಆಗೋದೇ ಇಲ್ಲ ಅಂತ... ಹಂಗೇನೋ ಅನ್ನಿಸ್ತು. ಮೂರು ಬಸ್ಸು ಬಂದು ಹೋದವು."

"ಅಮ್ಮ ಹೋಗಬೇಡಿ ಅಂದಿದ್ಳು."

"ಅಂದಿದ್ಳು."

"ನಾನೊಬ್ಳೇ ಇದ್ದೆ. ಒಂಬತ್ತು ವರ್ಷ ನನಗೆ."

"ಗೊತ್ತು ಪುಟ್ಟಿ."

"ಕೆಲಸಕ್ಕೆ ಹೋಗಿದ್ದೆ ಅಂದೆ ನೀನು."

"ನೀನು ಕೇಳ್ದೆ. ಚಮಚ ಹಿಡ್ಕೊಂಡು ನಿಂತಿದ್ದೆ ನೀನು. ನಾನು ಹೆದರಿ ಬಸ್ ಸ್ಟಾಪಲ್ಲಿ ಕೂತಿದ್ದೆ ಅಂತ ಹೆಂಗೆ ಹೇಳೋದು? ಕೆಲಸ ಅಂದ್ರೆ ಒಂದು ಮರ್ಯಾದೆ ಇರುತ್ತೆ. ದೊಡ್ಡವಳಾದ ಮೇಲೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀನು 'ನೀವು' ಅನ್ನೋಕೆ ಶುರು ಮಾಡಿದ್ದೆ."

ಕೆಳಗಿನ ರಸ್ತೆಯಲ್ಲಿ ಯಾರೋ ಸ್ಕೂಟರನ್ನು ಒದ್ದು ಒದ್ದು ಸೋತು, ತಳ್ಳಿಕೊಂಡು ಹೋದರು. ಅವಳಿಗೆ ಸಿಟ್ಟು ಬರಬೇಕಿತ್ತು. ಸಿಟ್ಟಿಗೆ ಬೇಕಾದ ಕಲ್ಲು ಈಗ ಅಲ್ಲಿರಲಿಲ್ಲ. ಆಪರೇಷನ್ ಥಿಯೇಟರಿನ ಮುಚ್ಚಿದ ಬಾಗಿಲು ಕಣ್ಣಿಗೆ ಕಟ್ಟಿತು. ಅಂದು ಬೆಂಚಿನಿಂದ ಏಳುವಾಗ ಅವಳು ಅಪ್ಪನನ್ನು ನೆನೆದಿದ್ದಳು. ಅವರು ಹೋಗಿ ಓದಿದರಲ್ಲ, ನಾನೂ ಹೋಗುತ್ತೇನೆ ಎಂದುಕೊಂಡಿದ್ದಳು. ಓದದ ಒಂದು ಥರ್ಮಾಮೀಟರನ್ನು ನೆಚ್ಚಿ ಎದ್ದು ನಡೆದಿದ್ದಳು.

"ಪಟ್ಟಿಯಿಂದ ಹೋಗುತ್ತಲ್ವಾ?" ಎಂದರು ಅಪ್ಪ.

"ಹೋಗುತ್ತೆ."

"ಅದೊಂದೇನಾ ಸಿಕ್ಕಿದ್ದು?"

"ಅದೊಂದೇ."

"ಹಂಗಾದ್ರೆ ಉಳಿದದ್ದೆಲ್ಲ ಸರಿ ಇದೆ" ಎಂದರು. ಒಂದು ಕ್ಷಣ ಅವರ ಬೆನ್ನು ನೆಟ್ಟಗಾಯಿತು, ಆಮೇಲೆ ಮತ್ತೆ ಬಾಗಿತು. "ಒಂದು ಬೈಟು ಅಲ್ವಾ ಅದು? ನೀನು ಒಂದು ಹಾಕಿದ್ರೆ..."

"ಒಂದು ಹಾಕಿದ್ರೆ, ಅವತ್ತು ಎಂಟೂವರೆಗೆ ನೀನು ಅಲ್ಲಿದ್ದೆ ಅಂತ ನಾನು ಬರೆದ ಹಾಗಾಗುತ್ತೆ ಅಪ್ಪ. ನೀನು ಹೇಳಿದ್ದೇ ಸಾಕು. ಅದನ್ನ ನನ್ನ ಕೈಯಿಂದ ಬೇರೆ ಬರೆಸಬೇಡ."

ಅಪ್ಪ ತಲೆಯಾಡಿಸಿದರು. ಆಕಾಶದ ಕಡೆ ನೋಡಿದರು. ಎಂಟೂವರೆ ದಾಟಿ ಹತ್ತು ನಿಮಿಷವಾಗಿತ್ತು.

"ಬಾ, ತಿಂಡಿ ತಣ್ಣಗಾಗುತ್ತೆ" ಎಂದು ಅವಳು ಕರೆದಳು. 

'ನೀನು' ಎಂಬ ಮಾತು ಬಂದಾಗಿತ್ತು, ಇನ್ನು ವಾಪಸು ಕಳಿಸುವಂತಿರಲಿಲ್ಲ. ಸಲುಗೆ ಮರಳಿತೋ ಗೌರವ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಅಪ್ಪನ ಮುಖ ನೋಡಿದರೆ ಅವರಿಗೂ ತಿಳಿದಂತೆ ಕಾಣಲಿಲ್ಲ.

ಸೋಮವಾರ ಅವಳು ಫೈಲನ್ನು ತಿದ್ದಲು ತೆರೆದಳು. ಇದರಲ್ಲಿ ಒಂದು ಅಪಾಯವಿದೆ. ಓದಿ ತಿದ್ದುವ ಬಗೆಯಲ್ಲಿ ತೆರೆಯಬೇಕು. ಹೊಸದಾಗಿ ಬರೆಯುವ ಬಗೆಯಲ್ಲಿ ತೆರೆದರೆ ಕಣ್ಣುಮಿಟುಕಿಸುವುದರೊಳಗೆ ಮೂವತ್ತೊಂದು ವರ್ಷವೂ ಒರೆಸಿಹೋಗಿ ಖಾಲಿ ಫೈಲು ಉಳಿಯುತ್ತದೆ. ತೆರೆಯುವ ಸಾಲನ್ನು ಅವಳು ಮೂರು ಸಲ ಓದಿದಳು. ಒಂದು ಲಕ್ಷ ಐವತ್ತೆಂಟು ಸಾವಿರದ ಮುನ್ನೂರ ಮೂವತ್ತೈದನೆಯ ಬೈಟಿಗೆ ಜಿಗಿದಳು. ಒಂಬತ್ತು ಬರೆದಳು. ಅಲ್ಲಿಂದ ಮೂವತ್ತೆರಡು ಬೈಟು ಮುಂದೆ ಹೋಗಿ, ಹದಿನೆಂಟನೇ ತಾರೀಖಿನ ಕೊನೆಯಲ್ಲಿ ಎರಡು ಬರೆದಳು: ಹಿಂದಿನ ದಿನದ್ದೂ ಸೇರಿಕೊಂಡ ಮಳೆ. ಮುಚ್ಚಿದಳು. ಮತ್ತೆ ತೆರೆದು, ಬರೆದದ್ದನ್ನು ಓದಿ ನೋಡಿದಳು. ಫೈಲಿನ ಉದ್ದ ಮೂರು ಲಕ್ಷ ಅರವತ್ತೆರಡು ಸಾವಿರದ ಮುನ್ನೂರ ಅರವತ್ತೆಂಟು ಬೈಟು, ಮೊದಲು ಎಷ್ಟಿತ್ತೋ ಅಷ್ಟೇ.

 

ಮಧ್ಯಾಹ್ನ ಅವಳು ಕಾರಿಡಾರಿನ ಕಿಟಕಿಯ ಬಳಿ ನಿಂತು ಗಂಡನಿಗೆ ಫೋನು ಮಾಡಿದಳು. ಎರಡು ರಿಂಗಿಗೇ ಎತ್ತಿಕೊಂಡ. "ಏನು, ಈ ಹೊತ್ತಲ್ಲಿ? ಅಪ್ಪ ಹುಷಾರಾಗಿದ್ದಾರಾ?"

"ಹುಷಾರಾಗಿದ್ದಾರೆ."

"ಮತ್ತೆ?"

"ಆಪರೇಷನ್ ದಿನ..." ಎಂದಳು. ಆ ಕಡೆ ಅವನು ಕಾಯುತ್ತಿದ್ದುದು ಕೇಳಿಸುತ್ತಿತ್ತು. "ಮೀಟಿಂಗ್‌ಗೆ ಕರೀತಿದ್ದಾರೆ, ಸಂಜೆ ಮಾಡ್ಲಾ?" ಎಂದ ಕೊನೆಗೆ. "ಹ್ಞೂಂ" ಎಂದಳು. ಸಂಜೆ ಅವನು ಮಾಡಲಿಲ್ಲ. ಅವಳು ಎರಡು ಸಲ ಫೋನನ್ನು ಕೈಗೆತ್ತಿಕೊಂಡು ಕೆಳಗಿಟ್ಟಳು.

ಮನೆಗೆ ಬಂದಾಗ ಮುಂದಿನ ಕೋಣೆಯ ಮೊಳೆಗೆ ಅಪ್ಪ ತಮ್ಮ ಟವೆಲು ತೂಗುಹಾಕಿದ್ದರು.

"ಮುಗೀತಾ?" ಎಂದರು.

"ಮುಗೀತು."

ಮರುದಿನ ಬೆಳಿಗ್ಗೆ ಎಂಟೂ ಇಪ್ಪತ್ತೈದಾಯಿತು. ಅಪ್ಪ ಕುರ್ಚಿಯಿಂದ ಏಳಲಿಲ್ಲ. ಹೊರಗೆ ಸಣ್ಣಗೆ ಹನಿಯುತ್ತಿತ್ತು. ಅವಳು ಚೀಲ ಹೆಗಲಿಗೆ ಹಾಕಿಕೊಂಡವಳು ಬಾಗಿಲ ಬಳಿ ತಡೆದು ನಿಂತಳು. ಕಚೇರಿಗೆ ಹೊತ್ತಾಗುತ್ತಿತ್ತು. ಗೋಡೆಯ ಗಡಿಯಾರ ಎಂಟೂವರೆಯನ್ನು ದಾಟಿ ಮುಂದೆ ಹೋಯಿತು. ಅವರಿಬ್ಬರೂ ಅದನ್ನು ನೋಡಲಿಲ್ಲ.